ಎಸ್‌ಟಿಪಿ ನೀರು ವಾಸನೆ ಬರುತ್ತಿದೆ, ಕಾರ್ಬನ್ ಬದಲಿಸಿದರೆ ಸಾಕಾ?

ಅಪಾರ್ಟ್‌ಮೆಂಟಿನ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಫ್ಲಶ್‌ಗೆ ಬರುವ ನೀರು ಹಳದಿಯಾಗಿದೆ, ನಾರುತ್ತಿದೆ, ಫಿಲ್ಟರಿನಲ್ಲಿರುವ ಕಾರ್ಬನ್ (ಒಂದು ಬಗೆಯ ಇದ್ದಿಲು) ಬದಲಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸ್ವಲ್ಪ ದಿನ ಸರಿಹೋಗುತ್ತೆ, ಆಮೇಲೆ ಮತ್ತೆ ಅದೇ ಕಥೆ. ನಾನು ನಮ್ಮ ಬಿಲ್ಡಿಂಗಿನ ಕಮಿಟಿಯಲ್ಲಿದ್ದಾಗ ಎರಡು ಸಲ ಕಾರ್ಬನ್ ತುಂಬಿಸಿದೆವು. ದುಡ್ಡು ಹೋಯ್ತು, ವಾಸನೆ ಹೋಗಲಿಲ್ಲ.

ಮಲ, ಸೋಪು, ಅಡುಗೆಮನೆ ಜಿಡ್ಡು ಇವನ್ನೆಲ್ಲ ತಿಂದು ಮುಗಿಸೋದು ಗಾಳಿ ಊದುವ ಟ್ಯಾಂಕಿನ ಬ್ಯಾಕ್ಟೀರಿಯಾ. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಇದನ್ನು ತೋರಿಸಿಕೊಟ್ಟರು. ತಳದಲ್ಲಿ ಕೂತ, ಈ ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು ಚೆಲ್ಲದೆ ಹೊಸ ಕೊಳಚೆಗೆ ಬೆರೆಸುತ್ತಾ ಹೋದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕಾರ್ಬನ್ ಏನನ್ನೂ ತಿನ್ನಲ್ಲ, ಸುಮ್ನೆ ಹಿಡಿದಿಟ್ಟುಕೊಳ್ಳುತ್ತೆ. ಒಂದು ಗ್ರಾಂ ಕಾರ್ಬನ್ನಿನ ಒಳಮೈ ಸುಮಾರು 1000 ಚದರ ಮೀಟರ್ ಇರಬಹುದು. ಆದರೂ ಅರೆಬರೆ ತಿಂದ ಕೊಳೆ ದಿನಾ ಬಂದು ಬಿದ್ದರೆ ಆ ತೂತುಗಳು ಬೇಗ ತುಂಬಿಬಿಡುತ್ತವೆ.

ಅದಕ್ಕೇ ಮೊದಲು ಟ್ಯಾಂಕ್ ನೋಡಿ. ಬ್ಲೋವರ್ (ಗಾಳಿ ಊದುವ ಯಂತ್ರ) ಓಡುತ್ತಿರುವಾಗ ಆಪರೇಟರ್ ಕೈಲಿ ಒಂದು ಲೀಟರ್ ಅಳತೆ ಜಾರಿಗೆ ನೀರು ಹಿಡಿಸಿ, ಅರ್ಧ ಗಂಟೆ ಅಲುಗಾಡಿಸದೆ ಇಡಿ. (ನೀವೇ ಟ್ಯಾಂಕಿಗೆ ಬಗ್ಗಬೇಡಿ, ಗ್ಯಾಸ್ ಇರುತ್ತೆ.) ಕಂದು ಕೆಸರು 200ರಿಂದ 400 ಎಂಎಲ್‌ವರೆಗೆ ಕೂತು, ಮೇಲಿನ ನೀರು ತಿಳಿಯಾಗಿದ್ದರೆ ಟ್ಯಾಂಕ್ ಹೆಚ್ಚುಕಡಿಮೆ ಆರೋಗ್ಯವಾಗಿದೆ. ನಮ್ಮ ಜಾರಿನಲ್ಲಿ ಕೂತಿದ್ದು 60 ಎಂಎಲ್. ಅದೂ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಗಾಳಿ ಸಾಲದೆ ಬ್ಯಾಕ್ಟೀರಿಯಾ ಸತ್ತಿದ್ದವು. ಕಾರಣ ಕೇಳಿದರೆ ನಗು ಬರುತ್ತೆ: ನೆಲಮಹಡಿಯವರಿಗೆ ಸದ್ದಾಗುತ್ತೆ ಅಂತ ರಾತ್ರಿ ಬ್ಲೋವರ್ ಆಫ್! ಸದ್ದು ತಡೆಯೋಕೆ ಒಂದು ಪೆಟ್ಟಿಗೆ ಮಾಡಿಸಿದೆವು, ಪಕ್ಕದ ಅಪಾರ್ಟ್‌ಮೆಂಟಿನಿಂದ ಒಂದು ಟ್ಯಾಂಕರ್ ಒಳ್ಳೆ ಕೆಸರು ತರಿಸಿ ಸುರಿದೆವು. ಮೂರು ವಾರಕ್ಕೆ ವಾಸನೆ ನಿಂತಿತು.

ಹಾಗಂತ ಕಾರ್ಬನ್ ಬೇಡವೇ ಬೇಡ ಅಂತಲ್ಲ. ಲ್ಯಾಬ್ ರಿಪೋರ್ಟಿನಲ್ಲಿ ಬಿಒಡಿ, ಸಿಒಡಿ ಎರಡನ್ನೂ ನೋಡಿ. ಬಿಒಡಿ ಅಂದರೆ ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ, ಸಿಒಡಿ ಅಂದರೆ ಅವು ತಿನ್ನಲಾಗದ್ದೂ ಸೇರಿದ ಕೊಳೆಯ ಅಳತೆ. ಬಿಒಡಿ ಕಡಿಮೆ, ಸಿಒಡಿ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾ ತಮ್ಮ ಕೆಲಸ ಮಾಡಿವೆ, ಉಳಿದಿರೋದು ಅವಕ್ಕೆ ಜೀರ್ಣವಾಗದ್ದು ಅಂತ ಅರ್ಥ. ಆ ತಿಳಿ ಹಳದಿ ಬಣ್ಣಕ್ಕೆ ಕಾರ್ಬನ್ ಅಥವಾ ಓಜೋನ್ ಸರಿಯಾದ ಮದ್ದು. ಎರಡೂ ಜಾಸ್ತಿ ಇದ್ದರೆ ಕಾರ್ಬನ್ನಿಗೆ ಹಾಕುವ ದುಡ್ಡು ಬ್ಲೋವರಿಗೆ ಹಾಕಿ.

ಇವತ್ತು ರಾತ್ರಿ ಹನ್ನೊಂದರ ಮೇಲೆ ಒಮ್ಮೆ ಕೆಳಗಿಳಿದು ಹೋಗಿ, ಬ್ಲೋವರ್ ಸದ್ದು ಕೇಳುತ್ತಾ ನೋಡಿ.