ಏರಿನಲ್ಲಿ ಹಳೇ ಡೀಸೆಲ್ ಜೀಪು ಪಿಕಪ್ ಕಳೆದುಕೊಳ್ಳುವುದು ಯಾಕೆ?

ಚಿಕ್ಕಮಗಳೂರಿನಿಂದ ಕೈಮರದವರೆಗೆ ಸರಾಗವಾಗಿ ಬಂದ ಜೀಪು ಮುಳ್ಳಯ್ಯನಗಿರಿ ಏರಿನಲ್ಲಿ ಆಕ್ಸಿಲರೇಟರ್ ತುಳಿದರೂ ಎಳೆಯದೆ ಜರ್ಕ್ ಹೊಡೆಯುತ್ತಿದ್ದರೆ, ಮೊದಲು ಡೀಸೆಲ್ ಫಿಲ್ಟರ್ ನೋಡಿ. ಡೀಸೆಲ್ ಪಂಪು, ಇಂಜೆಕ್ಟರ್ (ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿಸಲು ದಯವಿಟ್ಟು ಆತುರ ಬೇಡ, ಅದು ದುಬಾರಿ ಕೆಲಸ.

ನಿಂತಲ್ಲೇ ಓಡುವ ಎಂಜಿನ್ನಿಗೆ ಸ್ವಲ್ಪ ಡೀಸೆಲ್ ಸಾಕು. ಅರ್ಧ ಕಟ್ಟಿಕೊಂಡ ಫಿಲ್ಟರ್ ಕೂಡ ಅಷ್ಟನ್ನು ಬಿಡುತ್ತದೆ. ಏರಿನಲ್ಲಿ ಅದರ ಹಲವು ಪಟ್ಟು ಬೇಕು, ಅಲ್ಲಿ ಕೊರತೆ ಬಿದ್ದು ಎಂಜಿನ್ ಮುಗ್ಗರಿಸುತ್ತದೆ. ನಮ್ಮ ಮಳೆಗಾಲದಲ್ಲಂತೂ ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ನೀರಾಗಿ ಡೀಸೆಲ್‌ಗೆ ಇಳಿಯುತ್ತದೆ. ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿಯಿರಿ: ನೀರಿದ್ದರೆ ಕೆಳಗೆ ಬೇರೆ ಪದರವಾಗಿ ಕೂರುತ್ತದೆ.

ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಸಿ. ಆಮೇಲೂ ಹಾಗೇ ಇದ್ದು ಕಪ್ಪು ಹೊಗೆ ಬರುತ್ತಿದ್ದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ.