ಅಲಿ, ಟೈಸನ್ ಮತ್ತು ಆ ಹದಿಮೂರನೇ ಸುತ್ತು

ಹುಬ್ಬಳ್ಳಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಸಂಜೆ ಚಹಾ ಅಂಗಡಿಯಲ್ಲಿ ಸೇರುವ ಇವರ ಗೆಳೆಯರ ಗುಂಪಿನಲ್ಲಿ ಹೆವಿವೇಟ್, ಅಂದರೆ ಅತಿ ಹೆಚ್ಚು ತೂಕದವರ ಬಾಕ್ಸಿಂಗ್ ಬಗ್ಗೆ ಜೋರು ವಾದ ಎದ್ದಿದೆ. "ಮೈಕ್ ಟೈಸನ್ ಲ್ಯಾರಿ ಹೋಮ್ಸ್‌ನನ್ನು ಹೊಡೆದ, ಹೋಮ್ಸ್ ಮುಹಮ್ಮದ್ ಅಲಿಯನ್ನು ಹೊಡೆದ. ಅಂದಮೇಲೆ ಟೈಸನ್ ಅಲಿಯನ್ನೂ ಹೊಡೆಯುತ್ತಿದ್ದ, ಅಲ್ವಾ?" ಎನ್ನುವುದು ಪತ್ರ ಬರೆದವರ ಲೆಕ್ಕ. ಒಬ್ಬ ಗೆಳೆಯರು ಮಾರ್ಸಿಯಾನೊ ಪಕ್ಷ. ಆಡಿದ 49 ಪಂದ್ಯಗಳಲ್ಲಿ ಒಂದನ್ನೂ ಸೋಲದವನಿಗಿಂತ ದೊಡ್ಡವನು ಯಾರು ಎಂದು ಅವರು ಕೇಳುತ್ತಾರೆ. ಇನ್ನೊಬ್ಬರ ಪ್ರಕಾರ ಇವರೆಲ್ಲ ಟೈಸನ್ ಫ್ಯೂರಿಯಂಥ ಇಂದಿನ ದೈತ್ಯರ ಮುಂದೆ ಹುಡುಗರು. ಪತ್ರದ ಕೊನೆಯಲ್ಲಿ ಒಂದು ಷರತ್ತು ಬೇರೆ ಇದೆ: "ಎಲ್ಲರೂ ಅವರವರ ಕಾಲಕ್ಕೆ ದೊಡ್ಡವರು ಅಂತ ಜಾರಿಕೊಳ್ಳಬೇಡಿ. ತೀರ್ಪು ಕೊಡಿ."

ಕೊಡುತ್ತೇನೆ. ಆದರೆ ಮೊದಲು ನಿಮ್ಮ ಸರಪಳಿಯನ್ನು ಬಿಚ್ಚಬೇಕು.

ಟೈಸನ್ ಹೋಮ್ಸ್‌ನನ್ನು ನಾಲ್ಕನೇ ಸುತ್ತಿನಲ್ಲಿ ಮುಗಿಸಿದ್ದು 1988ರ ಜನವರಿಯಲ್ಲಿ. ಹೋಮ್ಸ್‌ಗೆ ಆಗ 38 ವರ್ಷ. ರಿಂಗ್ ಹತ್ತದೆ ಹೆಚ್ಚುಕಮ್ಮಿ ಎರಡು ವರ್ಷವಾಗಿತ್ತು. ಹೋಮ್ಸ್ ಅಲಿಯನ್ನು ಸೋಲಿಸಿದ್ದು 1980ರ ಅಕ್ಟೋಬರಿನಲ್ಲಿ. ತಮಾಷೆ ಎಂದರೆ ಅಲಿಗೂ ಆಗ 38. ಅವನೂ ಎರಡು ವರ್ಷ ಬಿಟ್ಟು ವಾಪಸ್ ಬಂದಿದ್ದ. ಅಂದರೆ ನಿಮ್ಮ ಸರಪಳಿಯ ಎರಡೂ ಕೊಂಡಿಗಳಲ್ಲಿ ಇರುವುದು ವಯಸ್ಸಾದವನನ್ನು ಹರೆಯದವನು ಹೊಡೆದ ಕಥೆ. ಅದರಿಂದ ಎರಡು ಹರೆಯಗಳನ್ನು ಅಳೆಯಲು ಬರುವುದಿಲ್ಲ.

ಸರಿ, ವಯಸ್ಸಿನ ಮಾತು ಬಿಡೋಣ. ಒಂದೇ ಕಾಲದವರನ್ನೇ ತೆಗೆದುಕೊಳ್ಳಿ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. ಈಗ ಫೋರ್‌ಮನ್ ನೋಡಿ. ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ನೆಲಕ್ಕೆ ಕೆಡವಿದ. ಕರಾಕಸ್‌ನಲ್ಲಿ ನಾರ್ಟನ್‌ನನ್ನೂ ಎರಡೇ ಸುತ್ತಿನಲ್ಲಿ ಮುಗಿಸಿದ. ನಿಮ್ಮ ಲೆಕ್ಕದಲ್ಲಿ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿಗೆ ಏನಾಗಬೇಕಿತ್ತು? ಆದದ್ದೇನು? ಎಂಟನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದವನು ಫೋರ್‌ಮನ್.

ಫ್ರೇಜಿಯರ್ ಬಗ್ಗಿಕೊಂಡು ಮುಂದಕ್ಕೇ ಬರುವವನು. ಫೋರ್‌ಮನ್‌ನ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುವ ಗುದ್ದಿಗೆ) ಅದಕ್ಕಿಂತ ಒಳ್ಳೆಯ ಗುರಿ ಸಿಗುವುದಿಲ್ಲ. ಅಲಿ ಹಾಗೆ ಬರಲೇ ಇಲ್ಲ. ಹಗ್ಗಕ್ಕೆ ಒರಗಿ, ಮೊಣಕೈ ಒಳಗೆ ಸೇರಿಸಿ, ಹೊಡೆಯೋದಿದ್ದರೆ ಹೊಡಿ ಎಂದು ನಿಂತ. ಫೋರ್‌ಮನ್ ಸುಸ್ತಾದ. ಇಬ್ಬರನ್ನು ಎದುರುಬದುರು ನಿಲ್ಲಿಸುವಾಗ ಯಾರು ಯಾರನ್ನು ಹೊಡೆದರು ಎನ್ನುವುದಕ್ಕಿಂತ ಹೇಗೆ ನಡೆದು ಬರುತ್ತಾರೆ ಎನ್ನುವುದೇ ಹೆಚ್ಚು ಮುಖ್ಯ.

ಈಗ ಮಾರ್ಸಿಯಾನೊ. ನಿಮ್ಮ ಗೆಳೆಯರಿಗೆ ನನ್ನ ಪ್ರಶ್ನೆ ಇದು: ಪಂದ್ಯ ಯಾರ ನಿಯಮದಲ್ಲಿ? ಅವನು ವಿಶ್ವ ಚಾಂಪಿಯನ್ ಪಟ್ಟ ಗೆದ್ದದ್ದು 1952ರ ಸೆಪ್ಟೆಂಬರ್ 23ರಂದು, ಫಿಲಡೆಲ್ಫಿಯಾದಲ್ಲಿ, ಜರ್ಸಿ ಜೋ ವಾಲ್ಕಾಟ್ ಎದುರು. ಮೊದಲ ಸುತ್ತಿನಲ್ಲೇ ಮಾರ್ಸಿಯಾನೊ ನೆಲ ಕಂಡ. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಅಂಕದ ಚೀಟಿಯಲ್ಲೂ ವಾಲ್ಕಾಟ್ ಮುಂದಿದ್ದ. ಹದಿಮೂರನೇ ಸುತ್ತಿನಲ್ಲಿ ಒಂದೇ ಒಂದು ಬಲಗೈ ಗುದ್ದು ಬಿತ್ತು. ವಾಲ್ಕಾಟ್ ಹಗ್ಗಕ್ಕೆ ಜೋತುಬಿದ್ದು ಕುಸಿದ. ಆಗ ಪಟ್ಟದ ಪಂದ್ಯ 15 ಸುತ್ತು. ಈಗ 12. ಇಂದಿನ ನಿಯಮ ಇದ್ದಿದ್ದರೆ ಆ ರಾತ್ರಿ ವಾಲ್ಕಾಟ್ ಪಟ್ಟ ಉಳಿಸಿಕೊಂಡು ಮನೆಗೆ ಹೋಗುತ್ತಿದ್ದ. ನಿಮ್ಮ ಗೆಳೆಯರ 49-0 ಅಲ್ಲಿಗೆ ಮುಗಿಯುತ್ತಿತ್ತು.

ಇನ್ನೊಬ್ಬ ಚಾಂಪಿಯನ್ ಜೋ ಲೂಯಿಸ್‌ದೂ ಅದೇ ಕಥೆ. 1941ರ ಜೂನ್‌ನಲ್ಲಿ ಬಿಲ್ಲಿ ಕಾನ್ ಎಂಬ ಹಗುರ ಮೈಯ ಹುಡುಗ ಅವನನ್ನು ಹನ್ನೆರಡು ಸುತ್ತು ಕುಣಿಸಿದ. ಮೂರು ಚೀಟಿಗಳಲ್ಲಿ ಎರಡು ಕಾನ್ ಕಡೆಗಿದ್ದವು, ಒಂದು ಸಮ. ಹದಿಮೂರನೇ ಸುತ್ತಿನಲ್ಲಿ ಕಾನ್‌ಗೆ ನಾಕೌಟ್ ಮಾಡುವ ಆಸೆ ಹುಟ್ಟಿತು. ನಾಕೌಟ್ ಆದದ್ದು ಅವನೇ.

ಸುತ್ತು ಕಡಿಮೆಯಾಗಿದ್ದಕ್ಕೆ ಕಾರಣವೂ ಇದೆ. 1982ರ ನವೆಂಬರ್‌ನಲ್ಲಿ ಕೊರಿಯಾದ ಡುಕ್ ಕೂ ಕಿಮ್ ಹದಿನಾಲ್ಕನೇ ಸುತ್ತಿನವರೆಗೆ ಹೋರಾಡಿ, ಪೆಟ್ಟಿನಿಂದ ಸತ್ತ. ಆಮೇಲೆ ಒಂದೊಂದೇ ಬಾಕ್ಸಿಂಗ್ ಸಂಸ್ಥೆ 12ಕ್ಕೆ ಇಳಿಯಿತು. ಅದು ಬೇಕಾಗಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಹಳಬರು 15ಕ್ಕೆ ತಮ್ಮ ಉಸಿರನ್ನು ಹಂಚಿಕೊಂಡಿದ್ದರು. ಅವರನ್ನು ಇಂದಿನ ರಿಂಗ್‌ಗೆ ತಂದರೆ ಹೊಡೆತದ ಲೆಕ್ಕವೇ ಬದಲಾಗುತ್ತದೆ.

ಕಂಪ್ಯೂಟರ್ ಕೈಗೆ ಕೊಟ್ಟರೆ ಆಯ್ತಲ್ಲ ಎಂದೂ ನೀವು ಬರೆದಿದ್ದೀರಿ. ಅದನ್ನೂ ಮಾಡಿ ನೋಡಿದ್ದಾರೆ, ಅದೂ 1960ರ ದಶಕದಲ್ಲೇ. ಮರ್ರೇ ವೊರೊನರ್ ಎಂಬ ಅಮೆರಿಕದ ನಿರ್ಮಾಪಕ 16 ಚಾಂಪಿಯನ್ನರ ನಡುವೆ ರೇಡಿಯೊದಲ್ಲಿ ಕಾಲ್ಪನಿಕ ಟೂರ್ನಿ ನಡೆಸಿದ. ಬಾಕ್ಸರ್‌ಗಳ ಗುಣಗಳಿಗೆ ಅಂಕ ಕೊಟ್ಟು ಯಂತ್ರಕ್ಕೆ ಉಣಿಸಿದರು. ಹೊರಬಂದ ಫಲಿತಾಂಶವನ್ನು ಕಾಮೆಂಟರಿ ಮಾಡಿ ಕೇಳಿಸಿದರು. ಅಲಿ ಅದರಲ್ಲಿ ಜಿಮ್ ಜೆಫ್ರೀಸ್‌ಗೆ ಸೋತ! 1905ರಲ್ಲೇ ನಿವೃತ್ತನಾದ ಜೆಫ್ರೀಸ್‌ಗೆ! ಅಲಿ ಸಿಟ್ಟಾಗಿ ಹತ್ತು ಲಕ್ಷ ಡಾಲರ್ ಕೇಳಿ ಕೋರ್ಟಿಗೆ ಹೋದ. ರಾಜಿಯ ಭಾಗವಾಗಿ ಮಾರ್ಸಿಯಾನೊ ಜೊತೆ ಒಂದು ಸಿನಿಮಾ ಪಂದ್ಯ ಆಡಲು ಒಪ್ಪಿದ. ಸೇನೆಗೆ ಸೇರಲು ನಿರಾಕರಿಸಿದ್ದಕ್ಕೆ ಅವನ ಪಟ್ಟ ಕಿತ್ತುಕೊಂಡಿದ್ದ ದಿನಗಳವು. ನಿಜವಾದ ರಿಂಗ್ ಅವನಿಗೆ ಮುಚ್ಚಿತ್ತು.

1969ರಲ್ಲಿ ಮಯಾಮಿಯಲ್ಲಿ ಚಿತ್ರೀಕರಣ. ಮಾರ್ಸಿಯಾನೊಗೆ 45 ವರ್ಷ. ಹೊಟ್ಟೆ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದ. ಇಬ್ಬರೂ ಒಂದೊಂದು ನಿಮಿಷದ ಹತ್ತಾರು ತುಣುಕುಗಳಲ್ಲಿ ಮೆಲ್ಲಗೆ ಗುದ್ದಾಡಿದರು. ಬೇರೆಬೇರೆ ಮುಕ್ತಾಯಗಳನ್ನು ತೆಗೆದಿಟ್ಟುಕೊಂಡರು. ಫಲಿತಾಂಶ ಇಬ್ಬರಿಗೂ ಗೊತ್ತಿರಲಿಲ್ಲ. ಮಾರ್ಸಿಯಾನೊಗೆ ಅದು ಗೊತ್ತಾಗಲೇ ಇಲ್ಲ. ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ. ಮರುವರ್ಷ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಮಾರ್ಸಿಯಾನೊ ನಾಕೌಟ್‌ನಿಂದ ಗೆದ್ದಿದ್ದ. ಎಷ್ಟನೇ ಸುತ್ತು ಹೇಳಿ? ಹದಿಮೂರು! ವಾಲ್ಕಾಟ್ ಪಂದ್ಯವನ್ನೇ ಯಂತ್ರ ಕಾಪಿ ಹೊಡೆದಂತಿದೆ. ಅಲಿ ಗೆಲ್ಲುವ ಇನ್ನೊಂದು ಆವೃತ್ತಿಯೂ ಯುರೋಪಿನಲ್ಲಿ ಓಡಿತು. ಊರಿಗೊಂದು ಫಲಿತಾಂಶ. ಆ ಯಂತ್ರವನ್ನು ನಾನೇಕೆ ನಂಬಲಿ?

ನನ್ನ ಅಳತೆಗೋಲು ಬೇರೆ. ಬಾಕ್ಸರ್‌ನ ಅತ್ಯುತ್ತಮ ರಾತ್ರಿಯನ್ನು ನಾನು ನೋಡುವುದಿಲ್ಲ. ಕೆಟ್ಟ ರಾತ್ರಿಯನ್ನು ನೋಡುತ್ತೇನೆ. ಅತ್ಯುತ್ತಮ ರಾತ್ರಿಗಳು ಮೋಸ ಮಾಡುತ್ತವೆ, ಏಕೆಂದರೆ ಅದರಲ್ಲಿ ಅರ್ಧ ಪಾಲು ಎದುರಾಳಿಯದು. ಅಲಿ ಅಭಿಮಾನಿಗಳು ತೋರಿಸುವುದು 1966ರ ನವೆಂಬರ್‌ನ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಪಂದ್ಯ. ಮೂರೇ ಸುತ್ತು. ಕಾಲುಗಳ ಆ ಸೊಗಸು ಇಂದಿಗೂ ಕಣ್ಣಿಗೆ ಹಬ್ಬ. ಆದರೆ ವಿಲಿಯಮ್ಸ್ ಅದಕ್ಕೆ ಎರಡು ವರ್ಷ ಮೊದಲು ಪೊಲೀಸ್ ಗುಂಡೇಟು ತಿಂದು ಒಂದು ಮೂತ್ರಪಿಂಡ ಕಳೆದುಕೊಂಡಿದ್ದ. ಟೈಸನ್ ಅಭಿಮಾನಿಗಳು ತೋರಿಸುವುದು 1988ರ ಜೂನ್‌ನ ಸ್ಪಿಂಕ್ಸ್ ಪಂದ್ಯ. 91 ಸೆಕೆಂಡ್. ಸ್ಪಿಂಕ್ಸ್ ಮೂಲತಃ ಲೈಟ್ ಹೆವಿವೇಟ್, ಅಂದರೆ ಕಡಿಮೆ ತೂಕದ ವರ್ಗದವನು. ರಿಂಗ್‌ಗೆ ಬರುವಾಗಲೇ ಅವನ ಮುಖದಲ್ಲಿ ಭಯ ಕಾಣುತ್ತಿತ್ತು. ಹಳೆಯ ಚಾಂಪಿಯನ್ ಡೆಂಪ್ಸಿ 1919ರಲ್ಲಿ ಒಂದೇ ಸುತ್ತಿನಲ್ಲಿ ಏಳು ಸಲ ಕೆಡವಿದ ವಿಲ್ಲರ್ಡ್‌ಗೆ 37 ವರ್ಷ. ಜೊತೆಗೆ ಬಿದ್ದವನು ಏಳುವಾಗ ಪಕ್ಕದಲ್ಲೇ ನಿಂತು ಮತ್ತೆ ಹೊಡೆಯಲು ಆಗ ಅಡ್ಡಿ ಇರಲಿಲ್ಲ.

ಈ ಲೆಕ್ಕದಲ್ಲಿ ಅಲಿ ಮತ್ತು ಟೈಸನ್. ಟೈಸನ್ ಪರವಾಗಿ ಏನಿದೆ ಎಂಬುದನ್ನು ಮೊದಲು ಹೇಳಬೇಕು, ಅದು ಸಣ್ಣದಲ್ಲ. ಅಲಿ ಕೈ ಕೆಳಗಿಟ್ಟು, ತಲೆಯನ್ನು ಹಿಂದಕ್ಕೆ ಎಳೆದು ತಪ್ಪಿಸಿಕೊಳ್ಳುತ್ತಿದ್ದ. ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ಎದುರು ಅದು ಅಪಾಯದ ಚಟ. 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಅದೇ ಹುಕ್‌ನಿಂದ ಕೆಡವಿದ. 1971ರಲ್ಲಿ ಹದಿನೈದನೇ ಸುತ್ತಿನಲ್ಲಿ ಫ್ರೇಜಿಯರ್ ಕೂಡ. ಟೈಸನ್‌ಗೆ ಹುಕ್ ಎರಡೂ ಕೈಯಲ್ಲಿತ್ತು, ಅವರಿಬ್ಬರಿಗಿಂತ ವೇಗವಾಗಿ. ಗಿಡ್ಡ ಎಂದು ಅವನನ್ನು ಸಣ್ಣವನು ಅಂದುಕೊಳ್ಳಬೇಡಿ. ಸ್ಪಿಂಕ್ಸ್ ಪಂದ್ಯದಲ್ಲಿ ಟೈಸನ್ ತೂಕ ಸುಮಾರು 99 ಕಿಲೊ. ವಿಲಿಯಮ್ಸ್ ಪಂದ್ಯದಲ್ಲಿ ಅಲಿ 96. ಮೊದಲ ನಾಲ್ಕು ಸುತ್ತಿನಲ್ಲಿ ಅಲಿ ಒಮ್ಮೆಯಾದರೂ ನೆಲ ಮುಟ್ಟುತ್ತಾನೆ ಎಂದು ನಾನು ಒಪ್ಪುತ್ತೇನೆ.

ಆಮೇಲೆ? ಅಲಿ ಏಳುತ್ತಾನೆ. ಕೂಪರ್ ಕೆಡವಿದ ಮುಂದಿನ ಸುತ್ತಿನಲ್ಲೇ ಅವನ ಹುಬ್ಬು ಸೀಳಿ ಗೆದ್ದವನು ಅವನು. ಟೈಸನ್ ನೆಲಕ್ಕೆ ಬಿದ್ದ ಮೇಲೆ ಎದ್ದು ಗೆದ್ದ ಪಂದ್ಯ ಒಂದೂ ಇಲ್ಲ. 1987ರಲ್ಲಿ ಬೋನ್‌ಕ್ರಷರ್ ಸ್ಮಿತ್ ಹನ್ನೆರಡು ಸುತ್ತು ಸುಮ್ನೆ ತಬ್ಬಿಕೊಂಡೇ ಕಳೆದ. ನೋಡಲು ದರಿದ್ರ ಪಂದ್ಯ, ಆದರೆ ಟೈಸನ್‌ಗೆ ಅದನ್ನು ಬಿಡಿಸಲು ಗೊತ್ತಾಗಲಿಲ್ಲ. ಕುತ್ತಿಗೆ ಹಿಡಿದು ಬಗ್ಗಿಸಿ ಎದುರಾಳಿಯ ಸತ್ವ ಹೀರುವುದರಲ್ಲಿ ಅಲಿ ಪಳಗಿದ ಕೈ. 1974ರ ಜನವರಿಯ ಎರಡನೇ ಫ್ರೇಜಿಯರ್ ಪಂದ್ಯ ಸಿಕ್ಕರೆ ನೋಡಿ. ಇನ್ನು 1990ರ ಟೋಕಿಯೊ. ಎತ್ತರದ ಬಸ್ಟರ್ ಡಗ್ಲಸ್ ಉದ್ದ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹಾಕುತ್ತಾ, ಹೆದರದೆ, ಎಂಟನೇ ಸುತ್ತಿನಲ್ಲಿ ಬಿದ್ದರೂ ಎದ್ದು, ಹತ್ತರಲ್ಲಿ ಮುಗಿಸಿದ. ಆ ಹೊತ್ತಿಗೆ ಟೈಸನ್ ತನ್ನ ತರಬೇತುದಾರ ಕೆವಿನ್ ರೂನಿಯನ್ನು ಬಿಟ್ಟಿದ್ದ, ತಯಾರಿ ಹದಗೆಟ್ಟಿತ್ತು. ಅದನ್ನು ಕಳೆದು ನೋಡಿದರೂ ದಾರಿ ಅದೇ.

ನನ್ನ ತೀರ್ಪು: 15 ಸುತ್ತಿನ ಪಂದ್ಯದಲ್ಲಿ ಅಲಿ, ಹತ್ತು ಹನ್ನೆರಡನೇ ಸುತ್ತಿನ ಸುಮಾರಿಗೆ ರೆಫ್ರಿ ನಿಲ್ಲಿಸುತ್ತಾರೆ. ಮೂರು ಸುತ್ತಿನ ಪಂದ್ಯ ಇಟ್ಟರೆ ಟೈಸನ್ ಮೇಲೆ ದುಡ್ಡು ಕಟ್ಟಿ. ಅಂದಹಾಗೆ 1989ರಲ್ಲಿ ಅಲಿಯ ಪಕ್ಕದಲ್ಲೇ ಕೂತು ಟಿವಿಯಲ್ಲಿ ಈ ಪ್ರಶ್ನೆ ಎದುರಿಸಿದಾಗ ಟೈಸನ್ ತಲೆಬಾಗಿ ಅಲಿಯೇ ಶ್ರೇಷ್ಠ ಎಂದುಬಿಟ್ಟ. ಅದನ್ನು ನಾನು ಸಾಕ್ಷಿಯಾಗಿ ಬಳಸುವುದಿಲ್ಲ. ಅದು ಮರ್ಯಾದೆ.

ಮೂರನೇ ಗೆಳೆಯರ ದೈತ್ಯರ ವಾದ. ಮಾರ್ಸಿಯಾನೊ, ಡೆಂಪ್ಸಿ ವಿಷಯದಲ್ಲಿ ಅವರ ಮಾತು ಸರಿ. ಇಬ್ಬರೂ 85 ಕಿಲೊ ಆಸುಪಾಸು. ಇಂದಾಗಿದ್ದರೆ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ ವರ್ಗದಲ್ಲಿ ಆಡುತ್ತಿದ್ದರು. ಮಾರ್ಸಿಯಾನೊನ ಗಿಡ್ಡ ತೋಳು ಫ್ಯೂರಿಯ ಗಲ್ಲ ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ. ಆದರೆ ಅಲಿ ವಿಷಯದಲ್ಲಿ ಅವರಿಗೆ ಉತ್ತರ ಕೊಟ್ಟವನು ಉಕ್ರೇನಿನ ಉಸಿಕ್. ಎತ್ತರ 191 ಸೆಂಟಿಮೀಟರ್, ಚಾಚಿದ ತೋಳಿನ ಅಳತೆ 198. ಅಲಿಯದೂ ಅಷ್ಟೇ ಎತ್ತರ, ಅಷ್ಟೇ ತೋಳು! 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಉಸಿಕ್ ಸುಮಾರು 101 ಕಿಲೊ ಇದ್ದ, ಫ್ಯೂರಿ 119. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ತೂರಾಡಿ, ರೆಫ್ರಿ ಎಣಿಸಬೇಕಾಯಿತು. ಉಸಿಕ್ ಗೆದ್ದ. ಡಿಸೆಂಬರ್‌ನಲ್ಲಿ ಫ್ಯೂರಿ ಇನ್ನೂ ದಪ್ಪಗಾಗಿ ಬಂದ. ಮತ್ತೆ ಸೋತ. ಕಾಲು ಓಡುವವನಿಗೆ, ತಲೆ ಓಡಿಸುವವನಿಗೆ ಹದಿನೆಂಟು ಕಿಲೊ ದೊಡ್ಡ ಗೋಡೆಯಲ್ಲ.

ಹಳೆಯ ಕಾಲದವರು ಹೊಸಬರ ಮುಂದೆ ನಿಲ್ಲುತ್ತಾರೋ ಎನ್ನುವುದಕ್ಕೆ ಒಂದು ನಿಜವಾದ ಪ್ರಯೋಗವೇ ನಡೆದಿದೆ. 1994ರ ನವೆಂಬರ್‌ನಲ್ಲಿ ಫೋರ್‌ಮನ್ 45ನೇ ವಯಸ್ಸಿನಲ್ಲಿ 26ರ ಮೈಕಲ್ ಮೂರರ್‌ನನ್ನು ಹತ್ತನೇ ಸುತ್ತಿನಲ್ಲಿ ಮಲಗಿಸಿ ಪಟ್ಟ ವಾಪಸ್ ಪಡೆದ. ಕಿನ್ಶಾಸಾದಲ್ಲಿ ಹಾಕಿದ್ದ ಕೆಂಪು ಚಡ್ಡಿಯನ್ನೇ ಹಾಕಿದ್ದ. ಅಂದು ಅಲಿಯ ಮೂಲೆಯಲ್ಲಿದ್ದ ತರಬೇತುದಾರ ಆಂಜೆಲೊ ಡಂಡಿ ಈಗ ಫೋರ್‌ಮನ್ ಮೂಲೆಯಲ್ಲಿದ್ದ. ಅತಿಯಾಗಿ ಹಿಗ್ಗಬೇಡಿ, ಅಲ್ಲಿಯವರೆಗೆ ಅಂಕದಲ್ಲಿ ಮೂರರ್ ಬಹಳ ಮುಂದಿದ್ದ. ವಯಸ್ಸಾದವನಿಗೆ ಕಾಲು ಮೊದಲು ಹೋಗುತ್ತದೆ, ಗುದ್ದು ಕೊನೆಗೆ.

ನೀವು ಕೇಳದೇ ಬಿಟ್ಟ ಪಂದ್ಯವೇ ನನಗೆ ಜಾಸ್ತಿ ಇಷ್ಟ: 1966ರ ಅಲಿ, 1938ರ ಜೋ ಲೂಯಿಸ್. ಶ್ಮೆಲಿಂಗ್‌ನನ್ನು ಒಂದೇ ಸುತ್ತಿನಲ್ಲಿ ಪುಡಿ ಮಾಡಿದ ಲೂಯಿಸ್‌ಗೆ ಒಂದರ ಹಿಂದೊಂದು ಗುದ್ದು ಸುರಿಸುವುದರಲ್ಲಿ ಸಾಟಿಯಿಲ್ಲ, ಆದರೆ ಅವನಿಗೆ ಎದುರಾಳಿ ನಿಲ್ಲಬೇಕು. ಕಾನ್ ನಿಲ್ಲದೆ ತೋರಿಸಿದ. ಕಾನ್‌ಗಿಂತ ಹೆಚ್ಚುಕಮ್ಮಿ ಇಪ್ಪತ್ತು ಕಿಲೊ ಹೆಚ್ಚು ಭಾರದ, ಅವನಷ್ಟೇ ಚುರುಕಿನ ಅಲಿ ಅಂಕದಲ್ಲಿ ಗೆಲ್ಲುತ್ತಾನೆ. ಹದಿಮೂರನೇ ಸುತ್ತಿನಲ್ಲಿ ನಾಕೌಟ್ ಆಸೆಗೆ ಬೀಳದಿದ್ದರೆ.