ಹಂಚಿ ತಿನ್ನಲಾಗದ ಪಥ್ಯ

ಹೊಸ ನೌಕರಿ ಹಿಡಿದ ಕೆಲವೇ ತಿಂಗಳಲ್ಲಿ ಪಥ್ಯ ಕೆಡಿಸಿಕೊಂಡು, ಬಳ್ಳಾರಿಯಲ್ಲಿ ಆಪ್ತಸಲಹೆಗಾರ್ತಿಯಾಗಿರುವ ನನ್ನ ಬಳಿ ಬರುವವರ ಸಂಖ್ಯೆ ಹೆಚ್ಚುತ್ತಿದೆ. ತೋರಣಗಲ್ಲಿನಲ್ಲಿ ಪಾಳಿ ಕೆಲಸಕ್ಕೆ ಸೇರಿದ ಹುಡುಗರು, ರಾಯಚೂರಿನ ಬ್ಯಾಂಕಿಗೆ ಬಂದ ಗುಮಾಸ್ತರು, ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಆಯ್ಕೆಯಾಗಿ ತಾಲ್ಲೂಕು ಕಚೇರಿ ಸೇರಿದ ಹೆಣ್ಣುಮಕ್ಕಳು ಬರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ನನಗೆ ವಿಲ್ ಪವರ್ ಇಲ್ಲ.’ ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವರ್ಷಗಟ್ಟಲೆ ಬಾಡಿಗೆ ಕೋಣೆಯಲ್ಲಿ ಕುಳಿತು ಓದಿ, ಲಕ್ಷಾಂತರ ಜನರ ನಡುವೆ ಪರೀಕ್ಷೆ ಗೆದ್ದವರಿಗೆ ಮನೋಬಲ ಇಲ್ಲವೆಂದರೆ ಇನ್ನು ಯಾರಿಗಿದೆ?

ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದಿದ್ದೇನೆ. ಊರು, ಹುದ್ದೆ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಮೂವತ್ತರ ಆಸುಪಾಸಿನ ಮಹಿಳೆ, ಒಂದು ಮಗುವಿನ ತಾಯಿ. ಏಪ್ರಿಲ್‌ನಲ್ಲಿ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದ್ದರು. ಬಸುರಿನಲ್ಲಿ ಸಕ್ಕರೆ ಪ್ರಮಾಣ ಏರಿತ್ತು, ತಾಯಿಗೂ ಮಧುಮೇಹ. ಗರ್ಭಾವಸ್ಥೆಯಲ್ಲಿ ಮಧುಮೇಹ ಕಾಣಿಸಿಕೊಂಡವರಿಗೆ ಮುಂದೆ ಅದು ಕಾಯಂ ಆಗುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಇವರ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.1 ಇತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಒಳಗೆ ಕಾಲಿಟ್ಟಂತೆ. ವೈದ್ಯರು ತೂಕ ಇಳಿಸಲು ಹೇಳಿದ್ದರು. ಆಹಾರ ಪಟ್ಟಿಯನ್ನು ಮಾತ್ರ ಇವರು ಮೊಬೈಲ್‌ನಿಂದ ತೆಗೆದುಕೊಂಡಿದ್ದರು: ಬೆಳಿಗ್ಗೆ ಎಂಟೂವರೆಗೆ ಓಟ್ಸ್, ಹನ್ನೊಂದಕ್ಕೆ ಆರು ಬಾದಾಮಿ, ಒಂದಕ್ಕೆ ಬೇಯಿಸಿದ ತರಕಾರಿ.

ಕೊಪ್ಪಳದವರು ಬಳ್ಳಾರಿಗೆ ಬರುತ್ತಾರೆ, ಬಳ್ಳಾರಿಯವರು ಬೆಂಗಳೂರಿಗೆ ಹೋಗುತ್ತಾರೆ. ಆಪ್ತಸಲಹೆಗೆ ಬಂದದ್ದನ್ನು ಗುರುತಿನವರು ನೋಡಬಾರದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗವನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ಆದರೂ ಇಲ್ಲಿ ಜನ ಇಂದಿಗೂ ‘ಮನಸ್ಸು ಸರಿಯಿಲ್ಲ’ ಎಂದು ಒಳಗೆ ಬರುವುದಿಲ್ಲ, ‘ಡಯಟ್ ಬಗ್ಗೆ ಕೇಳಬೇಕಿತ್ತು’ ಎಂದು ಬರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಬಾಗಿಲು ಯಾವುದಾದರೂ ಸರಿ.

ಆಕೆ ಒಂದು ನೋಟ್‌ಬುಕ್ ತಂದಿದ್ದರು. ಪುಟದ ನಡುವೆ ಗೆರೆ. ಎಡಕ್ಕೆ ‘ಸರಿ’, ಬಲಕ್ಕೆ ‘ತಪ್ಪು’. ಎಡಗಡೆ ಬಹುತೇಕ ಖಾಲಿ. ಬಲಗಡೆ ಮಿರ್ಚಿ, ಮಂಡಕ್ಕಿ ಒಗ್ಗರಣೆ, ಲಾಡು, ಚಹಾ, ಮತ್ತೆ ಚಹಾ. ಕೆಲವು ದಿನಗಳ ಕೆಳಗೆ ಕೆಂಪು ಶಾಯಿಯಲ್ಲಿ ‘ರಾತ್ರಿ ಊಟ ಇಲ್ಲ’ ಎಂದಿತ್ತು. ಅದು ಪಥ್ಯವಲ್ಲ, ತಮಗೆ ತಾವೇ ವಿಧಿಸಿಕೊಂಡ ಶಿಕ್ಷೆ. ಹಾಗೆ ಉಪವಾಸ ಮಲಗಿ, ಹಸಿವು ತಡೆಯದೆ ನಡುರಾತ್ರಿ ಎದ್ದು ಪಾತ್ರೆಯಲ್ಲಿ ಉಳಿದ ಅನ್ನವನ್ನು ನಿಂತೇ ತಿನ್ನುತ್ತಿದ್ದರು, ಅದನ್ನು ಬರೆದಿರಲಿಲ್ಲ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು ಇದೆಯೇ ಎಂದು ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಈ ಪ್ರಕರಣದ ದಾರಿಯೇ ಬೇರೆಯಾಗುತ್ತಿತ್ತು, ನೇರವಾಗಿ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. (ಓದುವವರಲ್ಲಿ ಯಾರಿಗಾದರೂ ಆ ಅಭ್ಯಾಸವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.)

ಆ ಬಲಗಡೆಯ ಪಟ್ಟಿಯನ್ನು ನಾವಿಬ್ಬರೂ ಮತ್ತೆ ಓದಿದೆವು. ಏನು ತಿಂದಿರಿ ಎಂದು ನಾನು ಕೇಳಲಿಲ್ಲ. ಪ್ರತಿಯೊಂದರ ಮುಂದೆ ಅದನ್ನು ಕೊಟ್ಟವರು ಯಾರೆಂದು ಬರೆಯಲು ಹೇಳಿದೆ. ಲಾಡು: ಶಿರಸ್ತೇದಾರರ ಮಗಳ ನಿಶ್ಚಿತಾರ್ಥದ್ದು. ಎರಡನೆಯ ಚಹಾ: ಪಕ್ಕದ ಮೇಜಿನ ವಿಷಯ ನಿರ್ವಾಹಕರು ಹೇಳಿದ್ದು. ಮಿರ್ಚಿ: ಎಲ್ಲರೂ ಸೇರಿ ತರಿಸಿದ್ದು. ಆಕೆ ಸ್ವಂತ ದುಡ್ಡು ಕೊಟ್ಟು, ಒಬ್ಬರೇ ಕುಳಿತು ತಿಂದ ‘ತಪ್ಪು’ ಪುಟದಲ್ಲಿ ಒಂದೂ ಇರಲಿಲ್ಲ. ಅದನ್ನು ಆಕೆಯೇ ಮೊದಲು ಗಮನಿಸಿದರು. ಬಹಳ ಹೊತ್ತು ಸುಮ್ಮನಿದ್ದು ನಂತರ ಸೇರಿದ ವಾರದ ಸಂಗತಿ ಹೇಳಿದರು.

ಬೇಸಿಗೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಊಟದ ಬಿಡುವು ಇರುವುದಿಲ್ಲ. ಮನೆಯಿಂದ ಆರೂವರೆಗೆ ಹೊರಟವರಿಗೆ ಹತ್ತೂವರೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಆಗ ಕಾಗದದ ಮೇಲೆ ಮಂಡಕ್ಕಿ ಒಗ್ಗರಣೆ ಹರಡಿ, ಪಕ್ಕದಲ್ಲಿ ಮಿರ್ಚಿ ಇಟ್ಟು, ನಿಂತವರು ಕುಳಿತವರು ಎಲ್ಲರೂ ಕೈ ಹಾಕುವ ಹೊತ್ತು. ಡಿ ದರ್ಜೆಯ ಹಿರಿಯ ಹೆಂಗಸೊಬ್ಬರು ಹೊಸಬರಿಗೆಂದು ತಟ್ಟೆಯಲ್ಲಿ ಹಾಕಿ ತಂದರು. ಇವರು ತಮ್ಮ ಬಾದಾಮಿಯ ಡಬ್ಬಿ ಮುಂದಿಟ್ಟುಕೊಂಡು, ಬೇಡವೆಂದು ಕೈ ಹಿಂದಕ್ಕೆ ತೆಗೆದರು.

“ಅವರು ತಟ್ಟೆ ಹಿಡಿದೇ ನಿಂತಿದ್ದರು ಮೇಡಂ. ಆಮೇಲೆ, ‘ಇರಲಿ ಬಿಡಿ ಅಕ್ಕಾರೆ, ನಮ್ಮ ಕೈಯದು ನಿಮಗೆ ಒಗ್ಗುವುದಿಲ್ಲ’ ಎಂದು ಹೊರಟುಹೋದರು. ಮಾರನೆಯ ದಿನ ಒಬ್ಬರು ನಗುತ್ತ, ‘ನಿಮ್ಮದು ಯಾವ ಮಂದಿ?’ ಎಂದು ಕೇಳಿದರು. ನಾನು ಸಕ್ಕರೆ ಕಾಯಿಲೆಗೆ ಹೆದರಿ ಕೈ ಹಿಂದೆ ತೆಗೆದಿದ್ದೆ. ಅವರಿಗೆ ಕಂಡದ್ದು ಬೇರೆ. ಅಂದಿನಿಂದ ಯಾರು ಏನು ಕೊಟ್ಟರೂ ಬೇಡ ಎಂದಿಲ್ಲ.”

ಆಕೆಯ ಜಾತಿ ಯಾವುದೆಂದು ನಾನು ಬರೆಯುವುದಿಲ್ಲ. ಯಾವುದಾಗಿದ್ದರೂ ಆ ಪ್ರಶ್ನೆ ಬರುತ್ತಿತ್ತು. ಪ್ರಶ್ನೆಯೊಳಗಿನ ಇರಿತ ಮಾತ್ರ ಬೇರೆ ಬೇರೆಯಾಗಿರುತ್ತಿತ್ತು. ಇದನ್ನು ಸೂಕ್ಷ್ಮ ಮನಸ್ಸಿನ ಅತಿರೇಕ ಎನ್ನುವವರಿಗೆ ಒಂದೇ ಸಂಗತಿ ನೆನಪಿಸುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಲ್ಲೆಯ ಹಿಂದೆ ಹೋಟೆಲ್ ಮತ್ತು ಕ್ಷೌರದ ಅಂಗಡಿಗಳಿಗೆ ಅವರನ್ನು ಬಿಡದ ತಕರಾರಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ ಆ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ಜಿಲ್ಲೆಯಲ್ಲಿ, ಒಬ್ಬರ ಕೈಯಿಂದ ಬಂದ ತಟ್ಟೆಯನ್ನು ಕಾರಣ ಹೇಳದೆ ನಿರಾಕರಿಸಿದರೆ ಕಾರಣವನ್ನು ಊರೇ ತುಂಬಿಕೊಳ್ಳುತ್ತದೆ.

ನಯವಾಗಿ, ದೃಢವಾಗಿ ‘ಬೇಡ’ ಎನ್ನುವುದನ್ನು ಕಲಿಸುವುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲಿ ಒಂದು. ನಾನೂ ಕಲಿಸುತ್ತೇನೆ: ಕುಡಿತ ಬಿಟ್ಟವರಿಗೆ, ಸಾಲಕ್ಕೆ ಜಾಮೀನು ಹಾಕಿ ಸುಸ್ತಾದವರಿಗೆ. ಈಕೆಗೆ ಕಲಿಸಲಿಲ್ಲ. ಆಕೆಗೆ ‘ಬೇಡ’ ಎನ್ನಲು ಬರುತ್ತಿತ್ತು. ಅಂದಾಗ ಏನಾಯಿತೆಂಬುದೂ ಗೊತ್ತಿತ್ತು. ಸಕ್ಕರೆಯ ವಿಷಯವನ್ನು ಎಲ್ಲರಿಗೂ ಹೇಳಿಬಿಡಿ ಎಂದು ಒತ್ತಾಯಿಸಲೂ ಇಲ್ಲ. ಪ್ರೊಬೇಷನ್ ಮುಗಿಯದ ಹೆಣ್ಣುಮಗಳು ತನ್ನ ಕಾಯಿಲೆಯನ್ನು ಕಚೇರಿಯ ಮಾತಿಗೆ ಒಡ್ಡಬೇಕೋ ಬೇಡವೋ ಎಂಬುದು ಅವಳ ತೀರ್ಮಾನ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು, ಆ ಓಟ್ಸ್ ಮತ್ತು ಬಾದಾಮಿಯ ಪಟ್ಟಿ ಬಿಡಿ. ಅದರ ಗುಣದೋಷ ಆಹಾರತಜ್ಞರು ನೋಡಿಕೊಳ್ಳಲಿ; ನನ್ನ ಆಕ್ಷೇಪ ಬೇರೆ. ಅದು ಹಂಚಲು ಬಾರದ ಊಟ. ಆರು ಬಾದಾಮಿಯ ಡಬ್ಬಿಯನ್ನು ಯಾರ ಮುಂದೆ ಹಿಡಿಯುತ್ತೀರಿ? ಹೊಸ ಕಚೇರಿಯಲ್ಲಿ ಒಂದು ವರ್ಷವಾದರೂ ನಿಮ್ಮ ಪಥ್ಯ ಹತ್ತು ಜನ ಕೈ ಹಾಕಬಹುದಾದದ್ದಾಗಿರಲಿ. ಬೇಸಿಗೆಯ ಹತ್ತೂವರೆಗೆ ದೊಡ್ಡ ಡಬ್ಬಿಯಲ್ಲಿ ಮೊಳಕೆ ಹೆಸರುಕಾಳು ಒಯ್ಯಿರಿ. ಈರುಳ್ಳಿ, ಕೊತ್ತಂಬರಿ, ಲಿಂಬೆಹುಳಿ ಹಾಕಿ. ಜೊತೆಗೆ ಸೌತೆಕಾಯಿ, ಕುದಿಸಿದ ಶೇಂಗಾ. ಅದನ್ನು ಮಂಡಕ್ಕಿಯ ಪಕ್ಕದಲ್ಲೇ ಇಡಿ, ಬೇರೆ ಮೇಜಿನ ಮೇಲಲ್ಲ. ಯಾರಾದರೂ ನಿಮಗೆ ಕೊಡುವ ಮುಂಚೆ ನೀವು ಕೊಡಿ. ಮನೆಯಿಂದ ಹೊರಡುವಾಗ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಕುಡಿದಿದ್ದರೆ ಹತ್ತೂವರೆಯ ಹಸಿವು ಅಷ್ಟು ಕಾಡುವುದಿಲ್ಲ. ಜೂನ್‌ನಲ್ಲಿ ವೇಳೆ ಬದಲಾಗಿ ಮಧ್ಯಾಹ್ನದ ಬಿಡುವು ಬಂದಾಗ ನಿಮಗೆ ಬೇಕಾದ ಎರಡು ಜೋಳದ ರೊಟ್ಟಿಯ ಬದಲು ಏಳೆಂಟು ಒಯ್ಯಿರಿ. ಪುಂಡಿಪಲ್ಯ, ಕಾಳುಪಲ್ಯ, ಗುರೆಳ್ಳು ಪುಡಿ ಇರಲಿ.

ಎರಡನೆಯದು, ಯಾರು ಕೊಟ್ಟರೂ ಒಂದು ತುತ್ತು ತಿನ್ನಿ, ಅದನ್ನು ‘ಸರಿ’ಯ ಕಡೆಗೇ ಬರೆಯಿರಿ. ನಿಲ್ಲಿಸಬೇಕಾದದ್ದು ಚಹಾದ ಸಕ್ಕರೆ. ಎರಡು ಚಮಚದಂತೆ ದಿನಕ್ಕೆ ಮೂರು ಚಹಾ ಎಂದರೆ ಸುಮಾರು 25 ಗ್ರಾಂ ಆಗುತ್ತದೆ, ಮತ್ತು ಅದು ನೆಪವೇ ಬೇಕಿಲ್ಲದೆ ನಿಲ್ಲಿಸಬಹುದಾದದ್ದು. ಲೋಟ ಬೇಡವೆನ್ನಬೇಡಿ, ಸಕ್ಕರೆ ಬೇಡವೆನ್ನಿ. ಚಹಾದ ಹುಡುಗನಿಗೆ ಬೇರೆಯಾಗಿ ಕರೆದು ಹೇಳಿದರೆ ಸಾಕು, ಅವನು ಮರೆಯುವುದಿಲ್ಲ.

ಮೂರನೆಯದು, ರಾತ್ರಿ ಊಟ ತಪ್ಪಿಸಬೇಡಿ. ತೂಕ ಇಳಿಸುವ ಮಾತನ್ನು ಆರು ತಿಂಗಳು ಮುಂದೂಡಿ, ಇದ್ದಷ್ಟು ಏರದಂತೆ ನೋಡಿಕೊಳ್ಳಿ.

ಈ ಮೂರನೆಯ ಮಾತಿಗೆ ನನ್ನ ಪರಿಚಯದ ಆಹಾರತಜ್ಞೆ ಗರಂ ಆದರು. ‘ಹೊಸ್ತಿಲಲ್ಲಿರುವವಳಿಗೆ ತಿನ್ನಲು ಪರವಾನಗಿ ಕೊಟ್ಟಿರಿ’ ಎಂದರು. ಆಕೆಯ ಆತಂಕ ಸುಳ್ಳಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಹೆಸರಾಂತ ಅಧ್ಯಯನದಲ್ಲಿ, ಆಹಾರ ಮತ್ತು ವ್ಯಾಯಾಮ ಬದಲಿಸಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತ್ತು. 2006ರ ಭಾರತೀಯ ಅಧ್ಯಯನದಲ್ಲಿ ಶೇಕಡಾ 28ರಷ್ಟು. ಪಥ್ಯ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವೆರಡೂ ಎರಡೂವರೆ, ಮೂರು ವರ್ಷಗಳ ಲೆಕ್ಕ. ಅಮೆರಿಕದ ಅಧ್ಯಯನದಲ್ಲಂತೂ ಪ್ರತಿಯೊಬ್ಬರ ಬೆನ್ನಿಗೆ ಒಬ್ಬ ತರಬೇತುದಾರರಿದ್ದರು. ನಮ್ಮ ಈ ಹೆಣ್ಣುಮಗಳ ಬೆನ್ನಿಗೆ ಇದ್ದದ್ದು ಒಂದು ಕೆಂಪು ಪೆನ್ನು. ಆರು ತಿಂಗಳು ತೂಕ ನಿಂತಲ್ಲಿ ನಿಂತರೆ ನಷ್ಟವಿಲ್ಲ. ಆರು ವಾರ ಉಪವಾಸ ಮಾಡಿ, ನಡುರಾತ್ರಿ ಅನ್ನ ತಿಂದು, ಪಥ್ಯವೆಂಬುದನ್ನೇ ಕೈಬಿಟ್ಟರೆ ನಷ್ಟವಿದೆ. ಇದನ್ನೇ ಅವರಿಗೂ ಹೇಳಿದೆ. ವಾದ ಮುಗಿಯಲಿಲ್ಲ, ಆದರೆ ಜೋಳದ ರೊಟ್ಟಿಯ ಸುತ್ತ ಹೊಸ ಪಟ್ಟಿಯನ್ನು ಅವರೇ ಬರೆದುಕೊಟ್ಟರು. ಮಂಡಕ್ಕಿ ಸಕ್ಕರೆಯನ್ನು ಬೇಗ ಏರಿಸುತ್ತದೆ, ಅದು ಒಂದು ಹಿಡಿ ಮೀರಬಾರದು ಎಂಬ ಷರತ್ತನ್ನೂ ಸೇರಿಸಿದರು. ನಾನು ಒಪ್ಪಿದೆ.

ಹೆಸರುಕಾಳಿನ ಡಬ್ಬಿ ಗೆದ್ದಿತು. ಶಿರಸ್ತೇದಾರರೇ ಎರಡನೆಯ ಸಲ ಕೇಳಿ ಹಾಕಿಸಿಕೊಂಡರಂತೆ. ತೊಡಕು ಬಂದದ್ದು ಜೂನ್‌ನಲ್ಲಿ, ನಾವಿಬ್ಬರೂ ನೆನೆಸದ ಕಡೆಯಿಂದ. ಮಂಡಕ್ಕಿಯ ಕಾಗದಕ್ಕೆ ಎಲ್ಲರೂ ಕೈ ಹಾಕುತ್ತಿದ್ದರು ನಿಜ, ಆದರೆ ಮಧ್ಯಾಹ್ನದ ಊಟಕ್ಕೆ ಆ ಹಿರಿಯ ಹೆಂಗಸು ಮೇಜಿನ ಬಳಿ ಬರುತ್ತಿರಲಿಲ್ಲ. ಅವರೂ ಇನ್ನಿಬ್ಬರೂ ರೆಕಾರ್ಡ್ ರೂಮಿನ ಪಕ್ಕದ ಪಡಸಾಲೆಯಲ್ಲಿ ಊಟ ಮಾಡುತ್ತಿದ್ದರು. ಯಾರೂ ಹಾಗೆ ನಿಯಮ ಮಾಡಿರಲಿಲ್ಲ, ಹಾಗೆಯೇ ನಡೆದುಬಂದಿತ್ತು. ಈಕೆ ಒಂದು ದಿನ ಎರಡು ರೊಟ್ಟಿ ಹಿಡಿದು ಅಲ್ಲಿಗೇ ಹೋಗಿ ಕುಳಿತರು. ಮಾರನೆಯ ದಿನ ಮೇಜಿನವರು ಮಾತು ಕಡಿಮೆ ಮಾಡಿದರು.

“ನೀವು ಹೇಳಿದ್ದು ಎಲ್ಲರ ಜೊತೆ ಕುಳಿತು ಉಣ್ಣಿ ಎಂದು. ಎಲ್ಲರೂ ಒಂದು ಕಡೆ ಕೂರುವುದೇ ಇಲ್ಲವಲ್ಲ ಮೇಡಂ” ಎಂದು ಆಕೆ ಕೇಳಿದಾಗ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಈ ಪ್ರಕರಣ ನನ್ನನ್ನು ಕಾಡಿದ್ದು ಅಲ್ಲಿ. ಒಬ್ಬಳ ರಕ್ತದ ಸಕ್ಕರೆ ಸರಿಪಡಿಸಲು ಹೊರಟು, ಕಚೇರಿಯ ಹಳೆಯ ಪಂಕ್ತಿಭೇದವನ್ನು ಎದುರಿಸುವ ಭಾರವನ್ನು ಅತ್ಯಂತ ಕಿರಿಯ ನೌಕರಳ ಮೇಲೆ ಹೊರಿಸುವುದು ಸರಿಯೇ? ಹೋಗಿ ಎಂದೂ ಹೇಳಲಿಲ್ಲ, ಹೋಗಬೇಡಿ ಎಂದೂ ಹೇಳಲಿಲ್ಲ. ಎರಡೂ ಕಡೆ ಏನೇನು ಕಳೆದುಕೊಳ್ಳಬೇಕಾಗಬಹುದೆಂದು ಒಟ್ಟಿಗೆ ಬರೆದು ನೋಡಿದೆವು. ಆಪ್ತಸಲಹೆಗಾರರು ಧೈರ್ಯ ಹೇಳುವುದು ಸುಲಭ. ಸೋಮವಾರ ಆ ಕಚೇರಿಗೆ ಹೋಗಬೇಕಾದವರು ನಾವಲ್ಲ.

ಆಕೆ ವಾರದಲ್ಲಿ ಎರಡು ದಿನ ಪಡಸಾಲೆಗೆ, ಉಳಿದ ದಿನ ಮೇಜಿಗೆ ಎಂದು ತೀರ್ಮಾನಿಸಿದರು. ಮೇಜಿನವರ ಮುನಿಸು ಪೂರ್ತಿ ಹೋಗಿಲ್ಲ, ಬೆಳೆದೂ ಇಲ್ಲ. ಸಕ್ಕರೆಯಿಲ್ಲದ ಚಹಾ ರೂಢಿಯಾಗಿದೆ. ರಾತ್ರಿ ಊಟ ತಪ್ಪಿಲ್ಲ, ನಡುರಾತ್ರಿಯ ಅನ್ನ ನಿಂತಿದೆ. ಕೆಂಪು ಪೆನ್ನನ್ನು ನಾನು ಕೇಳಲಿಲ್ಲ, ಆಕೆಯೇ ಮಗುವಿಗೆ ಗೀಚಲು ಕೊಟ್ಟರಂತೆ.

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಆಗಸ್ಟ್ ಕೊನೆಯವರೆಗೆ ಕಾದು ಪರೀಕ್ಷೆ ಮಾಡಿಸಿದರು: 6.0. ಅಷ್ಟು ಸಣ್ಣ ಇಳಿಕೆಯನ್ನು ಇಳಿಕೆಯೆಂದು ಲೆಕ್ಕಿಸಬೇಡಿ, ಏರಿಲ್ಲ ಎಂದಷ್ಟೇ ತಿಳಿಯಿರಿ ಎಂದು ವೈದ್ಯರು ಹೇಳಿದ್ದಾರೆ. ತೂಕ ಇದ್ದಷ್ಟೇ ಇದೆ. ಅದನ್ನು ಇಳಿಸುವ ಪಟ್ಟಿಯನ್ನು ದೀಪಾವಳಿ ಕಳೆದ ಮೇಲೆ ಶುರು ಮಾಡುವುದೆಂದು ಆಹಾರತಜ್ಞೆಯೂ ನಾನೂ ಒಪ್ಪಿಕೊಂಡಿದ್ದೇವೆ. ದೀಪಾವಳಿಗೆ ಮುಂಚೆಯೇ ಆಗಬೇಕೆಂದು ಅವರು ಇನ್ನೂ ಆಗಾಗ ಫೋನ್ ಮಾಡುತ್ತಾರೆ.